ಉಬ್ಬರವನ್ನು ಕಟ್ಟಿ ನಿಲ್ಲಿಸಿದ ಊರು: ಲಿವರ್‌ಪೂಲ್ ಡಾಕುಗಳ ಮುನ್ನೂರು ವರ್ಷ

ಇಂಗ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮರ್ಸೀ ನದಿ ಐರಿಶ್ ಸಮುದ್ರವನ್ನು ಸೇರುತ್ತದೆ. ಅಲ್ಲಿನ ಅಳಿವೆಯಲ್ಲಿ ನೀರು ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುತ್ತದೆ. ನಮ್ಮ ಮಂಗಳೂರು, ಕಾರವಾರಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹೆಚ್ಚೆಂದರೆ ಒಂದಾಳಿನ ಅಂತರ. ಮರ್ಸೀಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ಮೂವತ್ತು ಅಡಿ ಮುಟ್ಟುತ್ತದೆ. ಮೂರು ಮಹಡಿ ಎತ್ತರದ ನೀರು ಆರು ತಾಸಿನಲ್ಲಿ ಒಳನುಗ್ಗಿ, ಮುಂದಿನ ಆರು ತಾಸಿನಲ್ಲಿ ಹೊರಟುಹೋಗುತ್ತದೆ. ದಡಕ್ಕೆ ಬಂದು ನಿಂತ ಹಡಗು ಇಳಿತದ ಹೊತ್ತಿಗೆ ಕೆಸರಿನಲ್ಲಿ ಹೂತು ಒಂದು ಮಗ್ಗುಲಿಗೆ ವಾಲುತ್ತಿತ್ತು. ನಡುನೀರಿನಲ್ಲೇ ಲಂಗರು ಹಾಕಿದರೆ ಸರಕನ್ನೆಲ್ಲ ಸಣ್ಣ ದೋಣಿಗಳಿಗೆ ದಾಟಿಸಿ ದಡಕ್ಕೆ ಸಾಗಿಸಬೇಕು, ಅಷ್ಟರಲ್ಲಿ ಬಿರುಗಾಳಿ ಎದ್ದರೆ ದೇವರೇ ಗತಿ. ಒಂದು ಹಡಗು ಬರಿದಾಗಲು ವಾರ, ಎರಡು ವಾರ ಹಿಡಿಯುತ್ತಿತ್ತು.

ಇಂಥ ಕಡೆ ಲೋಕದ ದೊಡ್ಡ ಬಂದರುಗಳಲ್ಲೊಂದು ಬೆಳೆಯಲು ಪ್ರಕೃತಿಯ ನೆರವು ಅಷ್ಟಾಗಿ ಇರಲಿಲ್ಲ. 1207ರಲ್ಲಿ ಜಾನ್ ದೊರೆ ಸನದು ಕೊಟ್ಟು ಊರು ಮಾಡಿದ ಮೇಲೂ ನಾನೂರೈವತ್ತು ವರ್ಷ ಲಿವರ್‌ಪೂಲ್ ಮೀನುಗಾರರ, ಸಣ್ಣ ವ್ಯಾಪಾರಿಗಳ ಊರಾಗಿಯೇ ಉಳಿಯಿತು. ಆ ಭಾಗದ ಹಳೆಯ ಬಂದರು ಚೆಸ್ಟರ್. ಅದರ ಡೀ ನದಿಯಲ್ಲಿ ಹೂಳು ತುಂಬುತ್ತ ಬಂದಂತೆ ಹಡಗುಗಳು ಮರ್ಸೀಯತ್ತ ತಿರುಗಿದವು. ಅಮೆರಿಕ, ವೆಸ್ಟ್ ಇಂಡೀಸ್‌ಗಳ ಹೊಗೆಸೊಪ್ಪು, ಸಕ್ಕರೆ ಬರತೊಡಗಿದಾಗ ಊರಿನ ವ್ಯಾಪಾರಿಗಳು ಒಂದು ಮಾತಿಗೆ ಬಂದರು: ಉಬ್ಬರದ ನೀರನ್ನು ಇಳಿಯಲು ಬಿಡಬಾರದು.

ಥಾಮಸ್ ಸ್ಟಿಯರ್ಸ್ ಎಂಬ ಎಂಜಿನಿಯರ್‌ಗೆ ಕೆಲಸ ವಹಿಸಿದರು. ಊರ ಮಗ್ಗುಲಲ್ಲಿ 'ಪೂಲ್' ಎಂಬ ಹಿನ್ನೀರಿನ ಕೊರಕಲಿತ್ತು, ಊರ ಹೆಸರಿನಲ್ಲಿರುವುದೂ ಅದೇ. ಸ್ಟಿಯರ್ಸ್ ಅದರ ಬಾಯಿಯನ್ನು ಆಯ್ದು, ಮರಳುಗಲ್ಲಿನ ಬಂಡೆಯ ಮೇಲೆ ಇಟ್ಟಿಗೆ ಗೋಡೆ ಎಬ್ಬಿಸಿ, ನದಿಯ ಕಡೆಗೆ ಮರದ ಜೋಡಿ ಬಾಗಿಲು ಕೂರಿಸಿದ. ಉಬ್ಬರ ತುದಿ ಮುಟ್ಟುವ ಹೊತ್ತಿಗೆ ಬಾಗಿಲು ತೆರೆದು ಹಡಗುಗಳನ್ನು ಒಳಗೆ ಬಿಟ್ಟುಕೊಳ್ಳುವುದು, ನೀರು ಇಳಿಯುವ ಮುನ್ನ ಬಾಗಿಲು ಮುಚ್ಚುವುದು. ಎರಡು ಬಾಗಿಲುಗಳು ಕೂಡುವಲ್ಲಿ ಒಳಮುಖವಾದ ಕೋನವಿರುತ್ತದೆ. ಆದ್ದರಿಂದ ಹೊರಗೆ ನೀರು ಇಳಿದಷ್ಟೂ ಒಳಗಿನ ನೀರಿನ ಭಾರವೇ ಅವನ್ನು ಇನ್ನಷ್ಟು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಹೊರಗೆ ನದಿ ಮೂವತ್ತು ಅಡಿ ಕೆಳಗೆ ಹೋದರೂ ಒಳಗೆ ಹಡಗು ಕಟ್ಟೆಯ ಮಟ್ಟಕ್ಕೇ ತೇಲುತ್ತಿರುತ್ತದೆ, ಹಲಗೆ ಹಾಕಿ ಸರಕು ಇಳಿಸಿಕೊಳ್ಳಬಹುದು.

1715ರ ಆಗಸ್ಟ್ 31ರಂದು ಈ ಡಾಕ್ ತೆರೆಯಿತು. ಸುಮಾರು ನೂರು ಹಡಗು ಹಿಡಿಸುವಷ್ಟು ಜಾಗ. ಲಂಡನ್ನಿನ ರಾದರ್‌ಹೈಥ್‌ನಲ್ಲಿ ಇದಕ್ಕೆ ಮೊದಲೇ ನೀರು ಕಟ್ಟಿ ನಿಲ್ಲಿಸಿದ ಡಾಕ್ ಇತ್ತು. ಆದರೆ ಅದು ಹಡಗುಗಳ ತಂಗುದಾಣ ಮಾತ್ರ, ಸರಕು ಇಳಿಸುವ ಏರ್ಪಾಡು ಅಲ್ಲಿರಲಿಲ್ಲ. ವ್ಯಾಪಾರಕ್ಕೆಂದೇ ಕಟ್ಟಿದ ಇಂಥ ಡಾಕ್ ಜಗತ್ತಿನಲ್ಲಿ ಇದೇ ಮೊದಲು. ಖರ್ಚು ಅಂದಾಜಿನ ಹೆಚ್ಚುಕಡಿಮೆ ಎರಡರಷ್ಟಾಗಿ ನಗರಸಭೆ ಸಾಲದಲ್ಲಿ ಮುಳುಗಿತು. ಐದಾರು ಸಾವಿರ ಜನರ ಒಂದು ಸಣ್ಣ ಊರು ತನ್ನ ಭವಿಷ್ಯವನ್ನೆಲ್ಲ ಒಂದು ಗುಂಡಿಗೆ ಸುರಿದದ್ದು ನನಗೆ ಇಂದಿಗೂ ಎದೆಗಾರಿಕೆಯ ಕೆಲಸವಾಗಿಯೇ ಕಾಣುತ್ತದೆ. ವಾರಗಟ್ಟಲೆ ಹಿಡಿಯುತ್ತಿದ್ದ ಇಳಿಸುವಿಕೆ ಒಂದೆರಡು ದಿನದ ಕೆಲಸವಾಯಿತು.

ಆ ಎದೆಗಾರಿಕೆಯ ಫಲ ಯಾವ ವ್ಯಾಪಾರಕ್ಕೆ ಒದಗಿತು ಎಂಬುದನ್ನೂ ಹೇಳಲೇಬೇಕು. 1699ರಲ್ಲೇ 'ಲಿವರ್‌ಪೂಲ್ ಮರ್ಚೆಂಟ್' ಎಂಬ ಹಡಗು ಆಫ್ರಿಕಕ್ಕೆ ಹೋಗಿ, ಅಲ್ಲಿಂದ 220 ಮಂದಿಯನ್ನು ಬಾರ್ಬಡೋಸ್‌ಗೆ ಸಾಗಿಸಿ ಗುಲಾಮರಾಗಿ ಮಾರಿತ್ತು. ಡಾಕ್ ಕಟ್ಟಿದ ಮೇಲೆ ಈ ವ್ಯಾಪಾರದಲ್ಲಿ ಲಿವರ್‌ಪೂಲ್ ಬ್ರಿಸ್ಟಲನ್ನೂ ಲಂಡನ್ನನ್ನೂ ಹಿಂದಿಕ್ಕಿತು. 1790ರ ದಶಕದ ಹೊತ್ತಿಗೆ ಬ್ರಿಟನ್ನಿನ ಗುಲಾಮ ವ್ಯಾಪಾರದ ಮುಕ್ಕಾಲು ಪಾಲು ಈ ಒಂದೇ ಬಂದರಿನ ಕೈಯಲ್ಲಿತ್ತು. ಇಲ್ಲಿಂದ ಹೊರಟ ಹಡಗಿನಲ್ಲಿ ಬಂದೂಕು, ಕಂಚು, ಮ್ಯಾಂಚೆಸ್ಟರಿನ ಬಟ್ಟೆ, ಜತೆಗೆ ನಮ್ಮ ದೇಶದ ನೇಕಾರರು ನೇಯ್ದ ಹತ್ತಿಬಟ್ಟೆಯೂ ಇರುತ್ತಿತ್ತು. ಆಫ್ರಿಕದಲ್ಲಿ ಅವನ್ನು ಕೊಟ್ಟು ಮನುಷ್ಯರನ್ನು ಕೊಳ್ಳುವುದು, ಅಟ್ಲಾಂಟಿಕ್ ದಾಟಿಸಿ ಮಾರುವುದು, ಸಕ್ಕರೆ ಹೊಗೆಸೊಪ್ಪು ಹೇರಿಕೊಂಡು ಮರ್ಸೀಗೆ ಮರಳುವುದು. ಊರಿನ ಕಟ್ಟೆಯ ಮೇಲೆ ಸಂಕೋಲೆ ತೊಟ್ಟವರು ಕಾಣಿಸುತ್ತಿದ್ದದ್ದು ಅಪರೂಪ. ಲಾಭ ಮಾತ್ರ ಮನೆಗೆ ಬರುತ್ತಿತ್ತು. 1750ರ ದಶಕದಲ್ಲಿ ಎದ್ದ ಟೌನ್ ಹಾಲಿನ ಗೋಡೆಯಲ್ಲಿ ಆನೆ, ಮೊಸಳೆಗಳ ನಡುವೆ ಆಫ್ರಿಕದವರ ಮುಖಗಳನ್ನು ಕೆತ್ತಿದ್ದಾರೆ. ಸಂಪತ್ತು ಎಲ್ಲಿಂದ ಬಂತೆಂಬುದನ್ನು ಆ ಕಾಲದವರು ಮುಚ್ಚಿಡಲಿಲ್ಲ.

1781ರಲ್ಲಿ 'ಜಾಂಗ್' ಎಂಬ ಹಡಗಿನಲ್ಲಿ ನಡೆದದ್ದು ಈ ವ್ಯಾಪಾರದ ಒಳಮುಖ. ಹಡಗಿನ ಪಾಲುದಾರರಲ್ಲಿ ಮುಖ್ಯನಾದ ವಿಲಿಯಂ ಗ್ರೆಗ್ಸನ್ ಲಿವರ್‌ಪೂಲಿನ ಮಾಜಿ ಮೇಯರ್. ನೀರು ಸಾಲದೆಂಬ ನೆಪದಲ್ಲಿ 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಊರಿಗೆ ಮರಳಿದ ಮೇಲೆ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಕೇಳಿದರು. ಕೋರ್ಟಿನಲ್ಲಿ ನಡೆದ ವಾದ ಕೊಲೆಯ ಬಗ್ಗೆ ಆಗಿರಲಿಲ್ಲ, ಸರಕಿನ ನಷ್ಟ ಯಾರ ಲೆಕ್ಕಕ್ಕೆ ಎಂಬುದರ ಬಗ್ಗೆ. 1807ರಲ್ಲಿ ಗುಲಾಮ ವ್ಯಾಪಾರವನ್ನು ನಿಲ್ಲಿಸುವ ಕಾಯ್ದೆ ಪಾರ್ಲಿಮೆಂಟಿಗೆ ಬಂದಾಗ ಲಿವರ್‌ಪೂಲಿನ ಸದಸ್ಯ ವಿಲಿಯಂ ರಾಸ್ಕೋ ಅದರ ಪರವಾಗಿ ಮತ ಹಾಕಿದ. ಊರಿಗೆ ಬಂದಾಗ ಗಲಭೆಯ ಗುಂಪು ಅವನನ್ನು ಎದುರುಗೊಂಡಿತು. ತನ್ನ ಊರಿನ ಹೊಟ್ಟೆಪಾಡಿಗೆ ವಿರುದ್ಧವಾಗಿ ಕೈಯೆತ್ತಿದ ಈ ಮನುಷ್ಯನನ್ನು ನಾನು ಆ ಊರಿನ ಯಾವ ಹಡಗು ಮಾಲೀಕನಿಗಿಂತಲೂ ದೊಡ್ಡವನೆಂದು ಎಣಿಸುತ್ತೇನೆ.

ಗುಲಾಮ ವ್ಯಾಪಾರ ನಿಂತರೆ ಊರು ಹಾಳಾಗುತ್ತದೆ ಎಂದು ಹೆದರಿಸಿದವರ ಮಾತು ಸುಳ್ಳಾಯಿತು. ಅಷ್ಟರಲ್ಲಿ ಬಂದರಿನ ಬೆನ್ನಿಗೆ ಲ್ಯಾಂಕಾಶೈರಿನ ಕಲ್ಲಿದ್ದಲು, ಚೆಶೈರಿನ ಉಪ್ಪು, ಮ್ಯಾಂಚೆಸ್ಟರಿನ ಗಿರಣಿಗಳು ನಿಂತಿದ್ದವು. ಕಾಲುವೆಗಳು ಅವನ್ನು ಮರ್ಸೀಗೆ ತಂದು ಮುಟ್ಟಿಸುತ್ತಿದ್ದವು. ಸಾಲ್ಟ್‌ಹೌಸ್, ಜಾರ್ಜ್ಸ್, ಕಿಂಗ್ಸ್, ಕ್ವೀನ್ಸ್, ಪ್ರಿನ್ಸಸ್ ಎಂದು ಒಂದರ ಪಕ್ಕ ಒಂದು ಡಾಕ್ ಎದ್ದವು. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಹಳಿ ತೆರೆಯಿತು. ಅಮೆರಿಕದ ಹತ್ತಿ ಬೆಳಿಗ್ಗೆ ಕಟ್ಟೆಗೆ ಇಳಿದು ಅದೇ ದಿನ ಗಿರಣಿಯೂರು ಸೇರಬಹುದಾಯಿತು. ಆ ಹತ್ತಿಯನ್ನು ಬೆಳೆದವರು ಅಮೆರಿಕದ ದಕ್ಷಿಣದ ಗುಲಾಮರು. ಗುಲಾಮರನ್ನು ಸಾಗಿಸುವುದನ್ನು ಬಿಟ್ಟ ಬಂದರು ಅವರ ದುಡಿಮೆಯ ಫಲವನ್ನು ಇನ್ನೂ ಅರ್ಧ ಶತಮಾನ ಇಳಿಸಿಕೊಳ್ಳುತ್ತಲೇ ಇತ್ತು.

ಇಂದು ನಾವು ನೋಡುವ ಲಿವರ್‌ಪೂಲ್ ಕಟ್ಟೆಗಳಲ್ಲಿ ಕಣ್ಣಿಗೆ ಕಟ್ಟುವುದೆಲ್ಲ ಬಹುಮಟ್ಟಿಗೆ ಒಬ್ಬನ ಕೈಕೆಲಸ. ಜೆಸ್ಸಿ ಹಾರ್ಟ್ಲೀ ಯಾರ್ಕ್‌ಶೈರಿನ ಕಲ್ಲುಕುಟಿಗರ ಮನೆಯವನು, ಸೇತುವೆ ಕಟ್ಟಿ ಪಳಗಿದವನು. 1824ರಲ್ಲಿ ಡಾಕ್ ಎಂಜಿನಿಯರ್ ಆಗಿ, 1860ರಲ್ಲಿ ಸಾಯುವವರೆಗೂ ಅದೇ ಹುದ್ದೆಯಲ್ಲಿದ್ದ. ಇಟ್ಟಿಗೆಯನ್ನೂ ಮರಳುಗಲ್ಲನ್ನೂ ನದಿ ತಿನ್ನುತ್ತದೆಂದು ಸ್ಕಾಟ್ಲೆಂಡಿನ ಗ್ರಾನೈಟ್ ಗಣಿಯಿಂದ ಡಾಕ್ ಸಂಸ್ಥೆಯದೇ ಹಡಗುಗಳಲ್ಲಿ ಕಲ್ಲು ತರಿಸಿದ. ಅವನ ಗೋಡೆಯ ಹತ್ತಿರ ನಿಂತು ನೋಡಿದರೆ ಸಾಲು ಹಿಡಿದು ಜೋಡಿಸಿದ ಚಚ್ಚೌಕದ ಕಲ್ಲುಗಳು ಅಲ್ಲಿಲ್ಲ. ಒಂದು ಆನೆಗಾತ್ರದ್ದು, ಪಕ್ಕದ್ದು ಅಂಗೈಯಗಲದ್ದು. ಐದು ಮೂಲೆ, ಏಳು ಮೂಲೆ, ಗಣಿಯಿಂದ ಹೇಗೆ ಬಂತೋ ಹಾಗೆ. ಒಂದರ ಓರೆಗೆ ಇನ್ನೊಂದರ ಓರೆಯನ್ನು ಕೆತ್ತಿ ಕೂರಿಸಿದ್ದಾರೆ. ಕಲ್ಲಿನ ಚೂರನ್ನೂ ಹಾಳುಮಾಡದ ಲೆಕ್ಕಾಚಾರವದು. ಜತೆಗೆ ನೇರವಾದ ಸಂದುಗಳಿಲ್ಲದ್ದರಿಂದ ಗೋಡೆ ಸೀಳುವ ಭಯವೂ ಕಡಿಮೆ.

ಹಾರ್ಟ್ಲೀಯ ಆಲ್ಬರ್ಟ್ ಡಾಕ್ 1846ರ ಜುಲೈ 30ರಂದು ರಾಣಿ ವಿಕ್ಟೋರಿಯಳ ಪತಿ ಆಲ್ಬರ್ಟ್‌ನಿಂದ ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಸರಕು ಕಟ್ಟೆಯ ಮೇಲೆ ಇಳಿದು, ಗಾಡಿಯೇರಿ, ಊರೊಳಗಿನ ಗೋದಾಮಿಗೆ ಹೋಗುತ್ತಿತ್ತು, ಹೋಗುವಷ್ಟರಲ್ಲಿ ಕಳ್ಳರ ಪಾಲು ಬೇರೆ. ಆಲ್ಬರ್ಟ್ ಡಾಕ್‌ನಲ್ಲಿ ಗೋದಾಮುಗಳು ನೀರಿನ ಅಂಚಿಗೇ ಐದು ಅಂತಸ್ತು ನಿಂತವು, ಹಡಗಿನಿಂದ ನೇರವಾಗಿ ಒಳಗೆ. ಮರದ ಗೋದಾಮುಗಳು ಬೆಂಕಿಗೆ ಆಹುತಿಯಾಗಿ ಊರಿನ ವಿಮೆದಾರರು ಕಂಗಾಲಾಗಿದ್ದ ಕಾಲ. ಹಾರ್ಟ್ಲೀ ಸಣ್ಣ ಮಾದರಿಗಳನ್ನು ಕಟ್ಟಿಸಿ, ಒಳಗೆ ಬೆಂಕಿ ಹಚ್ಚಿಸಿ, ಯಾವುದು ತಡೆಯುತ್ತದೆಂದು ನೋಡಿದ. ಕೊನೆಗೆ ಎರಕದ ಕಬ್ಬಿಣ, ಇಟ್ಟಿಗೆ, ಕಲ್ಲು ಇಷ್ಟರಲ್ಲೇ ಕಟ್ಟಿದ. ಚಾವಣಿಗೂ ಕಬ್ಬಿಣದ ತಗಡು. 1848ರಲ್ಲಿ ನೀರಿನ ಒತ್ತಡದಿಂದ ಸರಕೆತ್ತುವ ಯಂತ್ರಗಳು ಅಲ್ಲಿಗೆ ಬಂದವು. ಅದೇ ವರ್ಷದ ಆಗಸ್ಟ್ 4ರಂದು ಒಂದೇ ದಿನ ಅವನ ಐದು ಹೊಸ ಡಾಕುಗಳು ತೆರೆದವು.

ಆಲ್ಬರ್ಟ್ ಡಾಕ್‌ನ ಒಂದು ಕೊರತೆ ಬೇಗನೆ ಗೊತ್ತಾಯಿತು. ಅದರ ಬಾಗಿಲು 45 ಅಡಿ ಅಗಲ, ಹಾಯಿಹಡಗುಗಳಿಗೆ ಸಾಕಾಗುವಷ್ಟು. ಉಗಿಹಡಗುಗಳು ಹಿಗ್ಗುತ್ತ ಹೋದಂತೆ ಅವುಗಳಿಗೆ ಒಳಗೆ ಬರಲಾಗಲಿಲ್ಲ. ಹಾರ್ಟ್ಲೀಯ ಗೋಡೆಗಳಿಗೆ ಇನ್ನೂ ಎಳೆಯ ಪ್ರಾಯವಿರುವಾಗಲೇ ಹಡಗುಗಳು ಬೇರೆ ಕಟ್ಟೆ ಹುಡುಕಿಕೊಂಡು ಉತ್ತರಕ್ಕೆ ಸರಿದವು.

ಈ ಕತೆಗೆ ನಮ್ಮ ಧಾರವಾಡ ಸೇರುವುದು 1860ರ ದಶಕದಲ್ಲಿ. ಲ್ಯಾಂಕಾಶೈರಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಅಮೆರಿಕದ್ದು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿ, ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಲಿವರ್‌ಪೂಲ್ ಪೇಟೆಯಲ್ಲಿ ಪೌಂಡಿಗೆ ಏಳು ಪೆನ್ಸಿನ ಆಸುಪಾಸು ಇದ್ದ ಹತ್ತಿ 1864ರ ಹೊತ್ತಿಗೆ ನಾಲ್ಕು ಪಟ್ಟಿಗೂ ಮೀರಿ ಏರಿತು. ದಲ್ಲಾಳಿಗಳ ಕಣ್ಣು ಭಾರತದತ್ತ ಹೊರಳಿತು. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ಕಂಪನಿ ಸರಕಾರ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತ್ತು. ದೇಶದ ಬೇರೆ ಕಡೆಗಳಲ್ಲಿ ಸೋತ ಆ ಬೀಜ ನಮ್ಮ ಎರೆಮಣ್ಣಿನಲ್ಲಿ ಹಿಡಿದುಕೊಂಡಿತ್ತು. ಲಿವರ್‌ಪೂಲಿನ ದರಪಟ್ಟಿಯಲ್ಲಿ 'ಧಾರವಾರ್' ಎಂದು ಅದಕ್ಕೊಂದು ಸಾಲು. ನಮ್ಮ ಜವಾರಿ ಹತ್ತಿಗೆ 'ಕುಂಪ್ಟಾ' ಎಂದು ಇನ್ನೊಂದು ಸಾಲು, ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ.

ಮ್ಯಾಂಚೆಸ್ಟರಿನ ವ್ಯಾಪಾರಿಗಳು ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂದು ಕಟ್ಟಿಕೊಂಡು, ಮುಂಬಯಿಯ ಹಂಗಿಲ್ಲದೆ ಕಾರವಾರದ ಸದಾಶಿವಗಡದಿಂದ ನೇರವಾಗಿ ಲಿವರ್‌ಪೂಲಿಗೆ ಹತ್ತಿ ಸಾಗಿಸುವ ಯೋಜನೆ ಹಾಕಿದರು. ಅಂಡಿಗೆ ಬಿಗಿಯುವ ಯಂತ್ರಗಳನ್ನು ಕಳಿಸಿದರು. ಯಂತ್ರ ಬಂದಾಗ ಕಟ್ಟೆಯೂ ಸಿದ್ಧವಿರಲಿಲ್ಲ, ಧಾರವಾಡದಿಂದ ಘಟ್ಟ ಇಳಿಯುವ ರಸ್ತೆಯೂ ಮುಗಿದಿರಲಿಲ್ಲ. ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿ ಹಾದಿಯ ಒತ್ತಾಯವೂ ಇತ್ತು. ಕಂಪನಿ ಏಳಿಗೆ ಕಾಣಲಿಲ್ಲ. ಲಿವರ್‌ಪೂಲಿಗೆ ಮುಟ್ಟಿದ ಭಾರತದ ಹತ್ತಿಯೂ ಗಿರಣಿಯವರಿಗೆ ಒಗ್ಗಲಿಲ್ಲ. ಎಳೆ ಗಿಡ್ಡ, ಕಸ ಬಹಳ, ಮಗ್ಗದ ಮೇಲೆ ನೂಲು ಪದೇಪದೇ ಹರಿಯುತ್ತಿತ್ತು. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಣ್ಣುಮಕ್ಕಳಿಗೆ ಆ ಹತ್ತಿಯೆಂದರೆ ಹೆಚ್ಚು ದುಡಿಮೆ, ಕಡಿಮೆ ಸಂಬಳ. 1865ರಲ್ಲಿ ಯುದ್ಧ ಮುಗಿಯುತ್ತಲೂ ಬೆಲೆ ಕುಸಿದು, ಮುಂಬಯಿಯಲ್ಲಿ ಬ್ಯಾಂಕುಗಳೇ ಮುಳುಗಿದವು. ನಾಲ್ಕು ವರ್ಷ ಹೊಲ ತುಂಬ ಹತ್ತಿ ಬಿತ್ತಿದ ರೈತನ ಸುಖದುಃಖಗಳು ಸಾವಿರಾರು ಮೈಲಿ ದೂರದ ಆ ಪೇಟೆಗೆ ಗಂಟುಬಿದ್ದದ್ದು ಅಲ್ಲಿಂದಲೇ.

ಆ ಯುದ್ಧದಲ್ಲಿ ಲಿವರ್‌ಪೂಲಿನ ಹಣವಂತರ ಒಲವು ಯಾರ ಕಡೆಗಿತ್ತೆಂಬುದು ಬಚ್ಚಿಟ್ಟ ಸಂಗತಿಯಲ್ಲ. ನದಿಯಾಚೆಯ ಬರ್ಕನ್‌ಹೆಡ್‌ನ ಲೇರ್ಡ್ ಹಡಗುಕಟ್ಟೆಯಲ್ಲಿ ಕಟ್ಟಿದ 'ಅಲಬಾಮ' 1862ರ ಜುಲೈನಲ್ಲಿ, ಬರೀ ಪರೀಕ್ಷಾ ಪಯಣವೆಂಬಂತೆ ಹೊರಟು, ಹೊರಗೆ ಹೋಗಿ ಫಿರಂಗಿ ಏರಿಸಿಕೊಂಡು, ದಕ್ಷಿಣದವರ ಪರವಾಗಿ ಉತ್ತರದ ವ್ಯಾಪಾರಿ ಹಡಗುಗಳನ್ನು ಬೇಟೆಯಾಡಿತು. ಇಂಥ ಹಡಗುಗಳು ಮಾಡಿದ ಹಾನಿಗಾಗಿ 1872ರಲ್ಲಿ ಬ್ರಿಟನ್ ಅಮೆರಿಕಕ್ಕೆ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಪರಿಹಾರ ತೆರಬೇಕಾಯಿತು. ದಕ್ಷಿಣದ ಕೊನೆಯ ಯುದ್ಧನೌಕೆ 'ಶೆನಾಂಡೋವ' ಶರಣಾದದ್ದೂ ಮರ್ಸೀಯಲ್ಲೇ, ಯುದ್ಧ ಮುಗಿದು ಏಳು ತಿಂಗಳಾದ ಮೇಲೆ, 1865ರ ನವೆಂಬರ್ 6ರಂದು.

ಸರಕಿನಂತೆಯೇ ಮನುಷ್ಯರೂ ಈ ಕಟ್ಟೆಗಳ ಮೇಲೆ ಹರಿದರು. ಐರ್ಲೆಂಡಿನ ಆಲೂಗಡ್ಡೆ ಬರಗಾಲದ 1847ರ ಒಂದೇ ವರ್ಷದಲ್ಲಿ ಸುಮಾರು ಮೂರು ಲಕ್ಷ ಐರಿಶ್ ಜನ ಬಂದಿಳಿದರು. ಅಮೆರಿಕದ ಹಡಗಿಗೆ ದುಡ್ಡಿದ್ದವರು ಮುಂದೆ ಹೋದರು, ಇಲ್ಲದವರು ಡಾಕಿನ ಹಿಂದಿನ ಕತ್ತಲ ನೆಲಮಾಳಿಗೆಗಳಲ್ಲಿ ಹತ್ತಾರು ಮಂದಿ ಒಟ್ಟಾಗಿ ಉಳಿದು ಜ್ವರಕ್ಕೆ ಬಲಿಯಾದರು. ಅದೇ ವರ್ಷ ಲಿವರ್‌ಪೂಲ್ ವಿಲಿಯಂ ಡಂಕನ್ ಎಂಬ ವೈದ್ಯನನ್ನು ಊರಿನ ಆರೋಗ್ಯಾಧಿಕಾರಿಯಾಗಿ ನೇಮಿಸಿತು. ಬ್ರಿಟನ್ನಿನಲ್ಲಿ ಅಂಥ ಹುದ್ದೆ ಅದೇ ಮೊದಲು. 1830ರಿಂದ ನೂರು ವರ್ಷಗಳಲ್ಲಿ ತೊಂಬತ್ತು ಲಕ್ಷದಷ್ಟು ಜನ ಈ ಬಂದರಿನಿಂದ ಹೊಸ ದೇಶಗಳಿಗೆ ಹೊರಟರೆಂಬ ಲೆಕ್ಕವಿದೆ.

ಇಪ್ಪತ್ತನೆಯ ಶತಮಾನ ಕಾಲಿಡುವಾಗ ಡಾಕುಗಳ ಸಾಲು ನದಿಯುದ್ದಕ್ಕೂ ಏಳು ಮೈಲಿ ಬೆಳೆದಿತ್ತು. ಅದರ ಪಕ್ಕದಲ್ಲೇ 1893ರಲ್ಲಿ ಕಂಬಗಳ ಮೇಲೆ ಓಡುವ ವಿದ್ಯುತ್ ರೈಲು ಬಂದಿತ್ತು, ಜಗತ್ತಿನಲ್ಲೇ ಆ ಬಗೆಯದು ಮೊದಲನೆಯದು. ಮಳೆ ಬಂದಾಗ ಅದರಡಿ ನಡೆದುಹೋಗುತ್ತಿದ್ದ ಕೂಲಿಗಳು ಅದನ್ನು 'ಡಾಕರ್ಸ್ ಅಂಬ್ರೆಲಾ' ಎಂದು ಕರೆದರು. ಆ ಕೂಲಿಗಳಿಗೆ ಡಾಕಿನ ಆಡಳಿತ ಕೊಟ್ಟ ಆಶ್ರಯ ಅದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಹಡಗು ಬಂದ ದಿನ ಸಾವಿರ ಕೈ ಬೇಕು, ಗಾಳಿ ತಿರುಗಿ ಹಡಗು ತಡವಾದರೆ ಒಂದೂ ಬೇಡ. ಈ ಏರುಪೇರಿನ ಭಾರವನ್ನೆಲ್ಲ ಬಂದರು ಕೂಲಿಗಳ ಹೆಗಲಿಗೆ ಹಾಕಿತು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಗಂಡಸರು ಕಟ್ಟೆಯ ಬಳಿ ಗುಂಪುಗೂಡಿ ನಿಲ್ಲುತ್ತಿದ್ದರು. ಮೇಸ್ತ್ರಿ ಎದುರಿನಿಂದ ನಡೆದುಬಂದು ಒಬ್ಬೊಬ್ಬರ ಭುಜ ಮುಟ್ಟುತ್ತಿದ್ದ. ಮುಟ್ಟಿದವನಿಗೆ ಅರ್ಧ ದಿನದ ಕೆಲಸ. ಮುಟ್ಟಿಸಿಕೊಳ್ಳದವನು ಮತ್ತೆ ಮಧ್ಯಾಹ್ನಕ್ಕೆ ಬಂದು ನಿಲ್ಲಬೇಕು. ಮೇಸ್ತ್ರಿಯ ನೆಂಟ, ಅವನಿಗೆ ಹೆಂಡ ಕೊಡಿಸಿದವನು, ಅವನ ಪಂಥದವನು ಮೊದಲು. ಲಿವರ್‌ಪೂಲಿನ ವ್ಯಾಪಾರಿ ಮನೆತನದಲ್ಲಿ ಹುಟ್ಟಿದ ಎಲೀನರ್ ರಾಥ್‌ಬೋನ್ ಈ ಕುಟುಂಬಗಳ ಮನೆಖರ್ಚಿನ ಲೆಕ್ಕಗಳನ್ನು ವಾರವಾರ ಬರೆಸಿ 1909ರಲ್ಲಿ ಪ್ರಕಟಿಸಿದರು. ಈ ವಾರ ಮೂರು ದಿನದ ಕೂಲಿ, ಮುಂದಿನ ವಾರ ಅರ್ಧ ದಿನದ್ದು. ಸೋಮವಾರ ಗಂಡನ ಭಾನುವಾರದ ಉಡುಪು ಗಿರವಿ ಅಂಗಡಿಗೆ, ಶನಿವಾರ ಬಿಡಿಸಿಕೊಂಡು ಮತ್ತೆ ಮನೆಗೆ. ಆ ಲೆಕ್ಕಗಳಲ್ಲಿ ಬಡತನಕ್ಕಿಂತ ಮಿಗಿಲಾಗಿ ಕಾಣುವುದು ನಾಳೆಯೇನೆಂದು ತಿಳಿಯದ ಬದುಕು. ಅಳಿವೆಯ ನೀರಿನ ಏರಿಳಿತವನ್ನು ನಿಲ್ಲಿಸಲು ಕೋಟಿಗಟ್ಟಲೆ ಸುರಿದ ಊರು ದುಡಿಮೆಯ ಏರಿಳಿತವನ್ನು ಇನ್ನೂರೈವತ್ತು ವರ್ಷ ಹಾಗೆಯೇ ಬಿಟ್ಟಿತು. ಈ ಬಂದರಿನ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ.

1911ರ ಬೇಸಿಗೆಯಲ್ಲಿ ನಾವಿಕರು, ಡಾಕ್ ಕೂಲಿಗಳು, ಗಾಡಿಯವರು, ರೈಲ್ವೆಯವರು ಒಟ್ಟಾಗಿ ಕೆಲಸ ನಿಲ್ಲಿಸಿದರು. ಕ್ಯಾಥಲಿಕ್-ಪ್ರಾಟೆಸ್ಟಂಟ್ ಜಗಳಕ್ಕೆ ಹೆಸರಾದ ಊರಿನಲ್ಲಿ ಎರಡೂ ಕಡೆಯವರು ಹೆಗಲಿಗೆ ಹೆಗಲು ಕೊಟ್ಟು ನಿಂತದ್ದು ದೊಡ್ಡ ಮಾತು. ಆಗಸ್ಟ್ 13ರ ಭಾನುವಾರ ಕಾರ್ಮಿಕ ನಾಯಕ ಟಾಮ್ ಮ್ಯಾನ್ ಭಾಷಣಕ್ಕೆ ಸೇಂಟ್ ಜಾರ್ಜ್ಸ್ ಹಾಲಿನ ಮುಂದೆ ಸೇರಿದ ಜನಸಾಗರದ ಮೇಲೆ ಪೊಲೀಸರು ಲಾಠಿ ಬೀಸಿದರು. ಎರಡು ದಿನಗಳ ನಂತರ ವಾಕ್ಸ್‌ಹಾಲ್ ರಸ್ತೆಯಲ್ಲಿ ಸೈನಿಕರ ಗುಂಡಿಗೆ ಇಬ್ಬರು ಸತ್ತರು. ಮರ್ಸೀಗೆ ಯುದ್ಧನೌಕೆ ಬಂದು ನಿಂತಿತು. ಮರುವರ್ಷ ಕೂಲಿಗಳ ಹೆಸರು ನೋಂದಾಯಿಸುವ ವ್ಯವಸ್ಥೆ ಬಂತು. ಅರ್ಧ ದಿನದ ಕೂಲಿ ಪದ್ಧತಿ ಪೂರ್ತಿ ಅಳಿಯಲು ಮಾತ್ರ 1967 ಬರಬೇಕಾಯಿತು.

ನಡುವೆ ಎರಡು ಮಹಾಯುದ್ಧಗಳು. ಎರಡನೆಯದರಲ್ಲಿ ಅಟ್ಲಾಂಟಿಕ್ ದಾಟಿ ಬರುವ ಆಹಾರ, ಮದ್ದುಗುಂಡುಗಳಿಗೆ ಲಿವರ್‌ಪೂಲೇ ಹೆಬ್ಬಾಗಿಲು. 1941ರ ಮೇ ತಿಂಗಳ ಮೊದಲ ವಾರ ಜರ್ಮನ್ ವಿಮಾನಗಳು ಏಳು ರಾತ್ರಿ ಬಿಡದೆ ಬಾಂಬು ಸುರಿದವು. ಹಸ್ಕಿಸನ್ ಡಾಕ್‌ನಲ್ಲಿ ಸುಮಾರು ಸಾವಿರ ಟನ್ ಮದ್ದುಗುಂಡು ತುಂಬಿಕೊಂಡಿದ್ದ 'ಮಾಲಕಂಡ್' ಹಡಗಿಗೆ ಬೆಂಕಿ ತಗುಲಿ, ತಾಸುಗಟ್ಟಲೆ ಉರಿದು ಸಿಡಿಯಿತು. ಹಡಗಿನ ತಗಡುಗಳು ಮೈಲಿಗಟ್ಟಲೆ ದೂರ ಹಾರಿದವು. ಬಂದರಿನ 144 ತಂಗುಕಟ್ಟೆಗಳಲ್ಲಿ 69 ನಿಷ್ಕ್ರಿಯವಾದವು, ಆ ವಾರ 1,700ಕ್ಕೂ ಹೆಚ್ಚು ಜನ ಸತ್ತರು. ಡಾಕಿನವರು ಅವಶೇಷಗಳ ನಡುವೆಯೇ ಸರಕು ಇಳಿಸುವುದನ್ನು ಮುಂದುವರಿಸಿದರು.

ಬಾಂಬು ಮಾಡದ್ದನ್ನು ಉಕ್ಕಿನ ಪೆಟ್ಟಿಗೆ ಮಾಡಿತು. ಕಂಟೇನರ್ ಬಂದ ಮೇಲೆ ನೂರು ಮಂದಿ ವಾರ ಹಿಡಿಯುತ್ತಿದ್ದ ಕೆಲಸವನ್ನು ಕ್ರೇನಿನ ಜತೆ ಕೆಲವೇ ಜನ ಒಂದು ದಿನದಲ್ಲಿ ಮುಗಿಸತೊಡಗಿದರು. ಉತ್ತರದ ತುದಿಯಲ್ಲಿ ಸೀಫೋರ್ತ್ ಕಂಟೇನರ್ ಡಾಕ್ ತೆರೆಯಿತು, 1972ರಲ್ಲಿ ದಕ್ಷಿಣದ ಹಳೆಯ ಡಾಕುಗಳು ಬಾಗಿಲು ಹಾಕಿದವು. ಮರುವರ್ಷ ಬ್ರಿಟನ್ ಯುರೋಪಿನ ಸಾಮಾನ್ಯ ಮಾರುಕಟ್ಟೆ ಸೇರಿತು. ವ್ಯಾಪಾರ ಪೂರ್ವದ ಕರಾವಳಿಯ ಫೀಲಿಕ್ಸ್‌ಟೋವಿನಂಥ ಬಂದರುಗಳತ್ತ ಸರಿಯಿತು. ಅಮೆರಿಕಕ್ಕೆ ಮುಖ ಮಾಡಿ ಬೆಳೆದ ಊರು ಈಗ ದೇಶದ ಹಿತ್ತಲಾಯಿತು. ಆಲ್ಬರ್ಟ್ ಡಾಕ್‌ನಲ್ಲಿ ಆಳೆತ್ತರ ಹೂಳು ತುಂಬಿತು. 1981ರಲ್ಲಿ ಊರಿನ ಟಾಕ್ಸ್‌ಟೆತ್ ಭಾಗದಲ್ಲಿ ಗಲಭೆ ಹೊತ್ತಿ ಉರಿದ ಮೇಲೆ ಸರಕಾರದ ಹಣ ಈ ಕಡೆ ಹರಿಯಿತು. ಹಾರ್ಟ್ಲೀಯ ಗೋದಾಮುಗಳನ್ನು ದುರಸ್ತಿ ಮಾಡಿ, 1988ರಲ್ಲಿ ಟೇಟ್ ಕಲಾ ಗ್ಯಾಲರಿಯನ್ನೂ, 2007ರಲ್ಲಿ ಗುಲಾಮಗಿರಿಯ ಮ್ಯೂಸಿಯಮನ್ನೂ ಅಲ್ಲಿ ತೆರೆದರು. ಸ್ಟಿಯರ್ಸ್‌ನ ಮೊದಲ ಡಾಕ್ 1826ರಲ್ಲೇ ಮುಚ್ಚಿಹೋಗಿತ್ತು. ಅದರ ಇಟ್ಟಿಗೆ ಗೋಡೆ 2001ರ ಉತ್ಖನನದಲ್ಲಿ ಸಿಕ್ಕಿತು, ಈಗ ಒಂದು ಮಾಲಿನ ನೆಲದಡಿ ಅದನ್ನು ನೋಡಬಹುದು. 2004ರಲ್ಲಿ ಯುನೆಸ್ಕೋ ಈ ಕಟ್ಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 2021ರಲ್ಲಿ ಹೊಸ ಕಟ್ಟಡಗಳು ಮಿತಿಮೀರಿದವೆಂದು ತೆಗೆದುಹಾಕಿತು. 1848ರಲ್ಲಿ ಒಂದೇ ದಿನ ತೆರೆದ ಐದು ಡಾಕುಗಳಲ್ಲಿ ಒಂದಾದ ಬ್ರ್ಯಾಮ್ಲೀ-ಮೂರ್‌ಗೆ ಮರಳು ತುಂಬಿ ಎವರ್ಟನ್ ಕ್ಲಬ್ಬಿನ ಫುಟ್‌ಬಾಲ್ ಮೈದಾನ ಕಟ್ಟಿದ್ದಾರೆ.

ಕಲ್ಲಿನ ಪಾಡು ಹೀಗಾಯಿತು. ದುಡಿದವರದು ಇನ್ನೊಂದು. ಕೂಲಿಗಳ ಕೆಲಸಕ್ಕೆ ಕಾವಲಾಗಿ 1947ರಲ್ಲಿ ಬಂದಿದ್ದ ರಾಷ್ಟ್ರೀಯ ಡಾಕ್ ಕಾರ್ಮಿಕ ಯೋಜನೆಯನ್ನು 1989ರಲ್ಲಿ ಸರಕಾರ ರದ್ದು ಮಾಡಿತು. ಅರ್ಧ ದಿನದ ಕೂಲಿಯ ನೆನಪು ಅಪ್ಪ, ಅಜ್ಜಂದಿರಿಂದ ಬಂದಿದ್ದ ಮನೆಗಳಲ್ಲಿ ಅದೇ ಕಾಲ ಮರಳಿತೆಂಬ ದಿಗಿಲು. 1995ರ ಸೆಪ್ಟೆಂಬರಿನಲ್ಲಿ ಹೆಚ್ಚುವರಿ ದುಡಿಮೆಯ ತಕರಾರಿನಲ್ಲಿ ಕೆಲವು ಎಳೆಯ ಕಾರ್ಮಿಕರನ್ನು ಕೆಲಸದಿಂದ ತೆಗೆದರು. ಅವರು ಗೇಟಿನ ಮುಂದೆ ಸಾಲುನಿಂತಾಗ ಹಿರಿಯರು ಆ ಸಾಲು ದಾಟಿ ಒಳಗೆ ಹೋಗಲು ಒಪ್ಪಲಿಲ್ಲ, ಎಷ್ಟೋ ಕಡೆ ಹೊರಗೆ ನಿಂತವನು ಮಗ, ಒಳಗೆ ಹೋಗಬೇಕಾದವನು ಅಪ್ಪ. ಐನೂರರಷ್ಟು ಮಂದಿ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೂ ಮಿಕ್ಕಿ ಹೋರಾಟ ನಡೆಯಿತು. ಹೆಂಡಂದಿರು ತಮ್ಮದೇ ಸಂಘ ಕಟ್ಟಿ ಊರೂರು ತಿರುಗಿದರು. ಅಮೆರಿಕ, ಜಪಾನ್ ಬಂದರುಗಳ ಕಾರ್ಮಿಕರು ಇವರ ಪರವಾಗಿ ಹಡಗು ಮುಟ್ಟದೆ ವಾಪಸು ಕಳಿಸಿದ್ದುಂಟು. 1997ರ ಮಾರ್ಚಿನಲ್ಲಿ ಲಿವರ್‌ಪೂಲ್ ತಂಡದ ರಾಬಿ ಫೌಲರ್ ಗೋಲು ಹೊಡೆದು ಅಂಗಿ ಎತ್ತಿ, ಡಾಕಿನವರಿಗೆ ಬೆಂಬಲ ಸಾರುವ ಒಳಅಂಗಿ ತೋರಿಸಿ, ದಂಡ ತೆತ್ತ. 1998ರ ಆರಂಭದಲ್ಲಿ ಕಾರ್ಮಿಕರು ಪರಿಹಾರದ ಹಣಕ್ಕೆ ಒಪ್ಪಿದರು, ಕೆಲಸ ಮರಳಲಿಲ್ಲ.

ಆ ಕತೆಯನ್ನು ಅವರಲ್ಲೇ ಕೆಲವರು ಲೇಖಕ ಜಿಮ್ಮಿ ಮೆಕ್‌ಗವರ್ನ್ ಜತೆ ಕೂತು ಟೀವಿ ನಾಟಕವಾಗಿ ಬರೆದರು, 1999ರಲ್ಲಿ ಅದು ಪ್ರಸಾರವಾಯಿತು. ಬಂದ ಸಂಭಾವನೆಯನ್ನು ಹಂಚಿಕೊಳ್ಳದೆ ಹೋಪ್ ಸ್ಟ್ರೀಟಿನಲ್ಲಿ ಒಂದು ಕಟ್ಟಡ ಕೊಂಡು 'ಕಾಸಾ' ಎಂದು ಹೆಸರಿಟ್ಟರು. ಕೆಳಗೆ ಪಾನಗೃಹ. ಜತೆಗೆ ಕೆಲಸ ಹೋದವರಿಗೆ, ಸರಕಾರಿ ಭತ್ಯೆ ನಿಂತವರಿಗೆ, ಮನೆ ಕಳೆದುಕೊಂಡವರಿಗೆ ದುಡ್ಡು ಕೇಳದೆ ಅರ್ಜಿ ಬರೆದುಕೊಟ್ಟು ದಾರಿ ಹೇಳುವ ಕಚೇರಿ.